ಗೂಢ ಪದಬಂಧ: ಬಿಡಿಸುವ ಕ್ರಮ, ಬಿಡಿಸಿದ್ದನ್ನು ವಿವರಿಸುವ ಕ್ರಮ

ಸಾದಾ ಪದಬಂಧವನ್ನು ಚಕಚಕನೆ ತುಂಬಿಸುವವರೂ ಗೂಢ ಪದಬಂಧದ ಮುಂದೆ ಕೂತರೆ ಮೂರನೇ ಸುಳಿವಿಗೇ ಪೆನ್ಸಿಲ್ ಕೆಳಗಿಡುತ್ತಾರೆ. ಸುಳಿವಿನಲ್ಲಿ ಅರ್ಥದ ಜೊತೆಗೆ ಅಕ್ಷರಗಳ ಆಟವನ್ನೂ ಅಡಗಿಸಿಡುವ ಪದಬಂಧ ಇದು; ಕ್ರಿಪ್ಟಿಕ್ ಎಂದು ಕರೆಯುವುದೂ ಇದನ್ನೇ. ಪದಸಂಪತ್ತು ಸಾಲದೆ ಸೋಲುವುದು ಅಪರೂಪ. ಸುಳಿವನ್ನು ವಾಕ್ಯವೆಂದು ಓದಿ, ಆ ವಾಕ್ಯ ಹೇಳುವ ಕತೆಯನ್ನು ನಂಬಿ, ಆ ಕತೆಗೆ ಉತ್ತರ ಹುಡುಕುವುದರಿಂದ ಸೋಲುತ್ತಾರೆ. ಇನ್ನು ಕೆಲವರು ಊಹಿಸಿ ತುಂಬಿಬಿಡುತ್ತಾರೆ. ಹೇಗೆ ಬಂತು ಎಂದು ಕೇಳಿದರೆ "ಸರಿ ಅನ್ನಿಸಿತು" ಅನ್ನುತ್ತಾರೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಒಂದು ಮೂಲೆಯೇ ಕೆಟ್ಟು ಕೂತಿರುತ್ತದೆ.

ಈ ಎರಡೂ ತೊಂದರೆಗೆ ಮದ್ದು ಒಂದೇ: ಉತ್ತರ ಬರೆಯುವ ಮೊದಲೇ ಅದನ್ನು ವಿವರಿಸಲು ಕಲಿಯುವುದು. ಕೆಳಗಿನ ಉದಾಹರಣೆಗಳನ್ನೆಲ್ಲ ಈ ಬರಹಕ್ಕಾಗಿಯೇ ಹೆಣೆದಿದ್ದೇನೆ. ಪ್ರತಿಯೊಂದರ ಮುಂದೆ ಅರ್ಧ ನಿಮಿಷ ನಿಂತು ಮುಂದಕ್ಕೆ ಓದಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಪೆನ್ಸಿಲ್, ರಬ್ಬರ್, ಒಂದು ರಫ್ ಹಾಳೆ. ಪೆನ್ ಬೇಡ. ಅಕ್ಷರ ಕಲಸುವ, ತಿರುಗಿಸುವ ಕೆಲಸವೆಲ್ಲ ರಫ್ ಹಾಳೆಯಲ್ಲೇ ಆಗಲಿ, ಚೌಕಗಳ ಒಳಗೆ ಬೇಡ. ನಿಘಂಟಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಸಾಕು. ಸಂಸ್ಕೃತ ಮೂಲದ ಪರ್ಯಾಯ ಪದಗಳಿಗೆ ಅಮರಕೋಶದ ಕನ್ನಡ ಅರ್ಥ ಇರುವ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ನಿಘಂಟನ್ನು ತೆರೆಯುವುದು ಪರೀಕ್ಷೆಗೆ. ಹುಡುಕಾಟಕ್ಕೆ ತೆರೆದರೆ ನೂರು ಪದ ಸಿಗುತ್ತವೆ, ಒಂದೂ ದಾರಿ ಸಿಗುವುದಿಲ್ಲ.

ಹಂತ 1: ಮನೆಗಳನ್ನು ಎಣಿಸುವುದು

ಸುಳಿವಿನ ಕೊನೆಯಲ್ಲಿ ಕಂಸದೊಳಗೆ ಬರುವ ಅಂಕಿ ಉತ್ತರದಲ್ಲಿ ಎಷ್ಟು ಮನೆ ಎಂದು ಹೇಳುತ್ತದೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಅಂದರೆ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಅಕ್ಷರ. 'ಉತ್ತರ' ಮೂರು ಮನೆ (ಉ, ತ್ತ, ರ). 'ಸೂರ್ಯ' ಎರಡು (ಸೂ, ರ್ಯ). 'ಸಂಸ್ಕೃತಿ' ಮೂರು (ಸಂ, ಸ್ಕೃ, ತಿ). 'ಬಸ್' ಥರ ಅರ್ಧಾಕ್ಷರದಲ್ಲಿ ನಿಲ್ಲುವ ಪದಗಳಲ್ಲಿ ಆ ಅರ್ಧಾಕ್ಷರಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಮನೆ ಸಿಗುತ್ತದೆ.

ಇದು ಚಿಕ್ಕ ವಿಷಯವಲ್ಲ. ಅಕ್ಷರ ಒಡೆಯುವುದಿಲ್ಲ ಎಂಬ ನಿಯಮದ ಮೇಲೆಯೇ ಇಡೀ ಆಟ ನಿಂತಿದೆ. 'ಗಣಿತ'ವನ್ನು ಎಷ್ಟೇ ಕಲಸಿದರೂ 'ಗಣತಿ' ಆಗುವುದಿಲ್ಲ. ಇಕಾರ 'ಣ'ದಿಂದ ಕಳಚಿ 'ತ'ಕ್ಕೆ ಹೋಗಬೇಕಾಗುತ್ತದೆ, ಅದಕ್ಕೆ ಅನುಮತಿ ಇಲ್ಲ. 'ತಾರಕ', 'ಕಾತರ' ಜೋಡಿಗೂ ಇದೇ ತೊಡಕು. ನಾನೇ ಒಮ್ಮೆ "ಜನಕ ತಿರುಗಿ ನಿಂತರೆ ಧಾನ್ಯದ ಗೂಡು (3)" ಎಂದು ಹೆಣೆದು ಬೀಗಿದ್ದೆ. ತಿರುಗಿಸಿದರೆ ಬರುವುದು 'ಕನಜ'. ಧಾನ್ಯ ತುಂಬುವುದು 'ಕಣಜ'ದಲ್ಲಿ. ನ, ಣ ಬೇರೆ ಬೇರೆ ಎಂದು ಗೆಳೆಯರೊಬ್ಬರು ತೋರಿಸಿಕೊಟ್ಟ ಮೇಲೆ ಹರಿದು ಹಾಕಿದೆ.

ಹಂತ 2: ಸುಳಿವನ್ನು ಎರಡಾಗಿ ಒಡೆಯುವುದು

ಬಹುಪಾಲು ಗೂಢ ಸುಳಿವುಗಳಲ್ಲಿ ಎರಡು ಭಾಗ ಇರುತ್ತವೆ. ಒಂದು ಅರ್ಥಭಾಗ: ಸಾದಾ ಪದಬಂಧದಲ್ಲಿ ಇರುವಂಥದ್ದೇ, ಉತ್ತರದ ನೇರ ಅರ್ಥ. ಇನ್ನೊಂದು ಆಟದ ಭಾಗ: ಅದೇ ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟಿಕೊಡುವ ಕಸರತ್ತು. ಎರಡೂ ಒಂದೇ ಉತ್ತರಕ್ಕೆ ಬಂದು ಸೇರಬೇಕು.

ಅರ್ಥಭಾಗ ಇರುವುದು ಸುಳಿವಿನ ತಲೆಯಲ್ಲಿ, ಇಲ್ಲವೇ ಬಾಲದಲ್ಲಿ. ನಡುವೆ ಎಂದೂ ಇರುವುದಿಲ್ಲ. ಆದ್ದರಿಂದ ಮೊದಲ ಪದದ ನಂತರ ಒಂದು ಗೀಟು, ಕೊನೆಯ ಪದದ ಮೊದಲು ಒಂದು ಗೀಟು ಎಳೆದು ಎರಡೂ ತುದಿಯನ್ನು ಒಂದೊಂದಾಗಿ ಪರೀಕ್ಷಿಸಿ. ಅರ್ಥಭಾಗ ಒಂದೇ ಪದ ಆಗಬೇಕೆಂದಿಲ್ಲ, ಹಾಗಾಗಿ ಗೀಟನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಸಬೇಕಾಗುತ್ತದೆ. ನಮ್ಮ ವಾಕ್ಯರಚನೆಯ ದೆಸೆಯಿಂದ ಕನ್ನಡದಲ್ಲಿ ಅದು ಬಾಲದಲ್ಲಿ ಸಿಗುವುದೇ ಹೆಚ್ಚು. ಮೊದಲು ಅಲ್ಲಿ ನೋಡಿ.

ಹೊಳೆ ಹಿಂದಕ್ಕೆ ಹರಿದ ದಿವಸ (2)

ವಾಕ್ಯವಾಗಿ ಓದಿದರೆ ಇದೊಂದು ಪವಾಡದ ಕತೆ. ಗೀಟು ಎಳೆದರೆ: ಹೊಳೆ ಹಿಂದಕ್ಕೆ ಹರಿದ / ದಿವಸ. ಹೊಳೆಗೆ 'ನದಿ', ಅದು ಹಿಂದಕ್ಕೆ ಹರಿದರೆ 'ದಿನ'. ದಿವಸ ಎಂದರೂ ದಿನವೇ. ನೀರು, ಪ್ರವಾಹ, ಪ್ರಳಯ ಎಂದು ಯೋಚಿಸುತ್ತ ಕೂತವರಿಗೆ ಇದು ಸಂಜೆಯಾದರೂ ಬಿಡದು.

ಹಂತ 3: ಪ್ರತ್ಯಯಗಳನ್ನು ಬಿಚ್ಚುವುದು

ಹೆಚ್ಚಿನವರು ಎಡವುವುದು ಇಲ್ಲೇ. ಇಂಗ್ಲಿಷ್ ಸುಳಿವುಗಳನ್ನು ಬಿಡಿಸಿ ಪಳಗಿದವರು ಕನ್ನಡದಲ್ಲಿ ತಡವರಿಸುವುದೂ ಇದರಿಂದಲೇ. ಕನ್ನಡದಲ್ಲಿ 'ಒಳಗೆ', 'ಇಂದ', 'ಇಲ್ಲದ', 'ಜೊತೆಗೆ' ಮುಂತಾದವು ಪದಕ್ಕೆ ಅಂಟಿಕೊಂಡು ಬರುತ್ತವೆ. ಆಟದ ಸೂಚನೆ ಆ ಅಂಟಿನಲ್ಲೇ ಅಡಗಿರುತ್ತದೆ.

ಮನುಷ್ಯನೊಳಗೆ ಗಾಂಧಾರ ಹೊಕ್ಕರೆ ಪಟ್ಟಣ (3)

'ಮನುಷ್ಯನೊಳಗೆ' ಎಂಬುದನ್ನು 'ಮನುಷ್ಯ + ಒಳಗೆ' ಎಂದು ರಫ್ ಹಾಳೆಯಲ್ಲಿ ಬಿಡಿಸಿ ಬರೆಯಿರಿ. ಆಗ ಸುಳಿವಿನ ಮೂಳೆ ಕಾಣುತ್ತದೆ: ಮನುಷ್ಯ, ಒಳಗೆ ಹೊಕ್ಕ, ಗಾಂಧಾರ, ಪಟ್ಟಣ. ಮನುಷ್ಯನಿಗೆ 'ನರ'. ಗಾಂಧಾರ ಸಪ್ತಸ್ವರದಲ್ಲಿ ಮೂರನೆಯದು, 'ಗ'. ನ, ರ ನಡುವೆ 'ಗ' ಹೊಕ್ಕರೆ 'ನಗರ'.

ಕೆಲವೊಮ್ಮೆ ವಿಭಕ್ತಿ ಇರಬೇಕಾದಲ್ಲಿ ಇರುವುದೇ ಇಲ್ಲ. ಮಾತಿನಲ್ಲಿ ನಾವು 'ನೀರನ್ನು ಕುಡಿ' ಎನ್ನದೆ 'ನೀರು ಕುಡಿ' ಎನ್ನುವುದಿಲ್ಲವೇ, ಅದೇ ಸಲಿಗೆಯನ್ನು ಪದಬಂಧಕಾರರು ಬಳಸಿಕೊಳ್ಳುತ್ತಾರೆ:

ಬೇಸರ ಮೊದಲು ಬಿಟ್ಟರೆ ಕೊರಳಿಗೆ ಒಡವೆ (2)

'ಮೊದಲು ಬಿಟ್ಟರೆ' ಎಂದರೆ ಮುಂಚಿತವಾಗಿ ಬಿಟ್ಟರೆ ಎಂದು ಕಿವಿಗೆ ಕೇಳುತ್ತದೆ. 'ಮೊದಲನ್ನು ಬಿಟ್ಟರೆ' ಎಂದು ಬಿಚ್ಚಿಕೊಂಡರೆ 'ಬೇಸರ'ದ ಮೊದಲಕ್ಷರ ಉದುರಿ 'ಸರ' ಉಳಿಯುತ್ತದೆ.

ಹಂತ 4: ಆಟದ ಜಾತಿ ಗುರುತಿಸುವುದು

ಸೂಚಕ ಪದ ಸಿಕ್ಕರೆ ಆಟ ಯಾವುದೆಂದು ತಿಳಿಯುತ್ತದೆ. ಜಾತಿಗಳು ಹತ್ತಾರು ಇದ್ದರೂ ಕೆಳಗಿನವು ಬಂದರೆ ಬಹುಪಾಲು ಸುಳಿವು ಕೈವಶ. ಇದೇ ಕ್ರಮದಲ್ಲಿ ಪರೀಕ್ಷಿಸಿ. ಉತ್ತರ ಕಣ್ಣೆದುರಿಗೇ ಬಿದ್ದಿರುವಂಥವು ಮೊದಲು, ಪರ್ಯಾಯ ಪದ ನೆನಪಿಸಿಕೊಳ್ಳಬೇಕಾದವು ನಂತರ.

ಬಚ್ಚಿಟ್ಟ ಪದ. ಸೂಚಕಗಳು: ಒಳಗೊಳಗೆ, ನಡುವೆ, ಅಡಗಿದ, ಭಾಗಶಃ.

ಲೋಕ ಮಲಗಿದಾಗ ಒಳಗೊಳಗೇ ಅರಳಿದ ತಾವರೆ (3)

ಪದಗಳ ನಡುವಿನ ಖಾಲಿ ಜಾಗ ಮರೆತು ಓದಿ: ಲೋ-ಕ-ಮ-ಲ-ಗಿ-ದಾ-ಗ. ತಾವರೆ, 'ಕಮಲ', ಅಲ್ಲೇ ಇದೆ. ಶುರು ಮಾಡುವವರು ಇಡೀ ಪಟ್ಟಿಯನ್ನು ಒಮ್ಮೆ ಬಚ್ಚಿಟ್ಟ ಪದಕ್ಕಾಗಿಯೇ ಓದಬೇಕು. ಮೊದಲ ಒಂದೆರಡು ಉತ್ತರ ಹೀಗೆ ಸಿಕ್ಕರೆ ಅಲ್ಲಿಂದ ಬಳ್ಳಿ ಹಬ್ಬುತ್ತದೆ.

ಮೊದಲಕ್ಷರಗಳು. ಸೂಚಕಗಳು: ಮೊದಮೊದಲು, ಆರಂಭದಲ್ಲಿ, ತಲೆಗಳು.

ಕತ್ತಲಲ್ಲಿ ನಡೆದ ಸುಕುಮಾರಿ ಮೊದಮೊದಲು ಕಂಡ ಸ್ವಪ್ನ (3)

ಕ, ನ, ಸು: 'ಕನಸು'. ಸಾಲಾಗಿ ಬಂದ ಪದಗಳ ಸಂಖ್ಯೆಯೂ ಮನೆಗಳ ಸಂಖ್ಯೆಯೂ ಒಂದೇ ಆದರೆ ಈ ಅನುಮಾನ ಬರಲೇಬೇಕು.

ಅಕ್ಷರ ಕಲಸುವುದು. ಸೂಚಕಗಳು ಲೆಕ್ಕವಿಲ್ಲದಷ್ಟು: ಹದಗೆಟ್ಟ, ದಿಕ್ಕೆಟ್ಟ, ಚೆಲ್ಲಾಪಿಲ್ಲಿ, ಅಮಲೇರಿದ, ಕುಣಿದಾಡಿದ. ಕ್ರಮ ಕೆಡುವ ಅರ್ಥ ಇರುವ ಯಾವ ಪದವೂ ಆಗಬಹುದು.

ವಸತಿ ಹದಗೆಟ್ಟಿತು, ಬಂದಳು ಗಂಡನ ಇನ್ನೊಬ್ಬ ಹೆಂಡತಿ (3)

ವ, ಸ, ತಿ ಸ್ಥಾನ ಬದಲಿಸಿದರೆ 'ಸವತಿ'. ಇದೇ ಥರ "ರಮಣ ದಿಕ್ಕೆಟ್ಟರೆ ಸಾವು (3)" ಎಂಬುದಕ್ಕೆ 'ಮರಣ'. ಕಲಸುವ ಸುಳಿವಿನಲ್ಲಿ ಅಕ್ಷರಗಳ ಎಣಿಕೆ ಮನೆಗಳ ಎಣಿಕೆಗೆ ತಾಳೆಯಾಗಬೇಕು. ಆಗದಿದ್ದರೆ ಬೇರೆಯ ಪದವನ್ನು ಕಲಸುತ್ತಿದ್ದೀರಿ, ಇಲ್ಲವೇ ಹೊರಗಿನಿಂದ ಇನ್ನೊಂದು ಅಕ್ಷರ ಬರಬೇಕಿದೆ. ರಫ್ ಹಾಳೆಯಲ್ಲಿ ಅಕ್ಷರಗಳನ್ನು ಸಾಲಾಗಿ ಬರೆಯದೆ ದುಂಡಗೆ ಬರೆಯಿರಿ. ಸಾಲಾಗಿ ಬರೆದರೆ ಹಳೆಯ ಪದವೇ ಕಣ್ಣಿಗೆ ಹೊಡೆಯುತ್ತಿರುತ್ತದೆ.

ತಿರುಗಿಸುವುದು. ಸೂಚಕಗಳು: ಹಿಮ್ಮುಖ, ವಾಪಸ್ಸು, ಮಗುಚಿ. ಮೇಲಿನಿಂದ ಕೆಳಕ್ಕೆ ಇಳಿಯುವ ಉತ್ತರವಾದರೆ 'ತಲೆಕೆಳಗಾಗಿ', 'ಮೇಲೇರಿ'. "ಮಂಗ ಮಗುಚಿ ಬಿದ್ದಾಗ ಕೋಗಿಲೆ (2)": 'ಕಪಿ' ತಿರುಗಿ 'ಪಿಕ'. ಒಂದು ಎಚ್ಚರಿಕೆ. ಕನ್ನಡದ ಕೆಲವು ಪದಬಂಧಗಳಲ್ಲಿ ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ತುಂಬುವ ಸುಳಿವುಗಳೂ ಇರುತ್ತವೆ. ತುಂಬುವ ದಿಕ್ಕೇ ಬೇರೆ, ಸುಳಿವಿನೊಳಗಿನ ತಿರುಗಾಟವೇ ಬೇರೆ. ಎರಡನ್ನೂ ಬೆರೆಸಿ ಎರಡು ಸಲ ತಿರುಗಿಸಿದರೆ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ.

ಸೇರಿಸುವುದು, ಒಳಗಿಡುವುದು, ಕಳೆಯುವುದು. ಒಳಗಿಡುವುದಕ್ಕೆ 'ನಗರ', ಕಳೆಯುವುದಕ್ಕೆ 'ಸರ' ಆಗಲೇ ಬಂದವು. ತುಂಡುಗಳನ್ನು ಪಕ್ಕಪಕ್ಕ ಜೋಡಿಸುವುದು ಇನ್ನೂ ಸುಲಭ:

ಮಧ್ಯಮಕ್ಕೆ ತೆರಿಗೆ ಹಾಕಿದ ಮೊಸಳೆ (3)

ಮಧ್ಯಮ ಸ್ವರ 'ಮ', ತೆರಿಗೆ 'ಕರ', ಸೇರಿ 'ಮಕರ'. ಇಂಥವುಗಳಿಗೆ ಒಂಟಿ ಅಕ್ಷರಗಳ ದಾಸ್ತಾನು ಬೇಕು. ಸಪ್ತಸ್ವರಗಳು (ಸ, ರಿ, ಗ, ಮ, ಪ, ಧ, ನಿ) ಸದಾ ಉಪಯೋಗಕ್ಕೆ ಬರುತ್ತವೆ. ಕೈ, ಮೈ, ಗೋ, ಭೂ, ಶ್ರೀ, 'ಬರಲು ಹೇಳು' ಎಂದರೆ ಬಾ, 'ತರಲು ಹೇಳು' ಎಂದರೆ ತಾ, ಆಕಾಶಕ್ಕೆ ಖ. ಎರಡಕ್ಷರದ ಸಂಖ್ಯೆಗಳೂ ಜೊತೆಗಿರಲಿ: ನವ, ದಶ, ಶತ. ನೀವು ಬಿಡಿಸುವ ಪ್ರತಿ ಪದಬಂಧದಿಂದ ಒಂದೆರಡನ್ನು ಪುಸ್ತಕದ ಹಿಂದಿನ ಪುಟಕ್ಕೆ ಏರಿಸುತ್ತ ಹೋಗಿ.

ಎರಡು ಅರ್ಥ. ಇಲ್ಲಿ ಸೂಚಕ ಇರುವುದಿಲ್ಲ. ಸುಳಿವಿನ ಎರಡೂ ತುದಿ ಅರ್ಥಭಾಗವೇ. "ವೈರಿ, ತಿಳಿದುಕೋ (2)": 'ಅರಿ'. ಸಂಸ್ಕೃತದ ಅರಿ ಶತ್ರು, ಕನ್ನಡದ ಅರಿ ತಿಳಿ. ಸುಳಿವು ಎರಡು ಮೂರೇ ಪದದ್ದಾದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಒಗಟಿನಂಥ ಅರ್ಥ. ಆಟದ ಭಾಗವೇ ಇಲ್ಲ, ಇಡೀ ಸುಳಿವೇ ಓರೆಯಾಗಿ ಹೇಳಿದ ಅರ್ಥ. "ದಿನವೂ ಮುಳುಗುತ್ತಾನೆ, ಒಮ್ಮೆಯೂ ಒದ್ದೆಯಾಗುವುದಿಲ್ಲ (2)". ಸೂರ್ಯ ಎಂದು ಕೂಡಲೇ ಹೊಳೆಯುತ್ತದೆ. ರವಿಯೂ ಎರಡೇ ಮನೆ, ಭಾನುವೂ ಎರಡೇ ಮನೆ. ಕಟ್ಟಿ ನೋಡಲು ಆಟ ಇಲ್ಲದ್ದರಿಂದ ಇಂಥದ್ದನ್ನು ಅಡ್ಡ ಹಾಯುವ ಒಂದಕ್ಷರ ಬರುವವರೆಗೆ ತುಂಬಲೇಬೇಡಿ.

ಉಚ್ಚಾರಣೆಯ ಆಟ ಇಂಗ್ಲಿಷ್‌ನಲ್ಲಿ ಯಥೇಚ್ಛ. ಬರೆದಂತೆ ಓದುವ ಕನ್ನಡದಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ.

ಹಂತ 5: ಒಂದು ಸುಳಿವನ್ನು ಆದಿಯಿಂದ ಬಿಡಿಸಿ ನೋಡುವುದು

ಕನ್ನಡ ಕಲಿಕೆಯ ಆರಂಭ: ಓದುವಾಗ ಮೂಗಿನ ಮೇಲಿರುವುದು (4)

ಮೊದಲು ಬಾಲ. 'ಮೇಲಿರುವುದು' ಮಾತ್ರ ಅರ್ಥಭಾಗವೇ? ಅದಕ್ಕೆ ಸಾವಿರ ಉತ್ತರ. ಗೀಟನ್ನು ಒಳಕ್ಕೆ ಸರಿಸಿದರೆ 'ಓದುವಾಗ ಮೂಗಿನ ಮೇಲಿರುವುದು'. ಈಗ ಒಂದು ವಸ್ತು ಕಣ್ಣಿಗೆ ಕಟ್ಟುತ್ತದೆ. ಆದರೂ ಬರೆಯಬೇಡಿ. ಉಳಿದದ್ದು 'ಕನ್ನಡ ಕಲಿಕೆಯ ಆರಂಭ'. ಪ್ರತ್ಯಯ ಬಿಚ್ಚಿ: ಕನ್ನಡ, ಕಲಿಕೆ, ಆರಂಭ. 'ಆರಂಭ' ಸೂಚಕ, ಆದರೆ ಯಾವುದರ ಆರಂಭ? ಎರಡೂ ಪದದ ಆರಂಭವೆಂದರೆ ಕ, ಕ. ಇದು ಎಲ್ಲಿಗೂ ಹೋಗುವುದಿಲ್ಲ. 'ಕಲಿಕೆ' ಒಂದರ ಆರಂಭವೆಂದರೆ 'ಕ'. ಹಾಗಾದರೆ 'ಕನ್ನಡ' ಇದ್ದಹಾಗೇ ಉಳಿದು ಅದರ ಪಕ್ಕಕ್ಕೆ 'ಕ': ಕನ್ನಡಕ. ಕ, ನ್ನ, ಡ, ಕ, ನಾಲ್ಕು ಮನೆ. ಎರಡು ಭಾಗವೂ ಸೇರಿದವು. ಈಗ ಬರೆಯಿರಿ.

ಮೊದಲ ಪ್ರಯತ್ನ ಕೈಕೊಟ್ಟದ್ದನ್ನು ಗಮನಿಸಿ. ಪಳಗಿದವರೂ ಹೀಗೆಯೇ ಬಿಡಿಸುತ್ತಾರೆ. ತಪ್ಪು ಗೀಟನ್ನು ಬೇಗ ಅಳಿಸಿಹಾಕುತ್ತಾರೆ ಎಂಬುದಷ್ಟೇ ಅವರ ಹೆಚ್ಚುಗಾರಿಕೆ.

ಹಂತ 6: ಅಡ್ಡ ಹಾಯುವ ಅಕ್ಷರಗಳಿಂದ ಮುಂದುವರಿಯುವುದು

ಒಂದು ಉತ್ತರ ತುಂಬಿದ ಮೇಲೆ ಪಟ್ಟಿಯ ಮುಂದಿನ ಸಂಖ್ಯೆಗೆ ಹೋಗಬೇಡಿ. ಆ ಉತ್ತರವನ್ನು ಅಡ್ಡ ಹಾಯುವ ಸುಳಿವುಗಳಿಗೆ ಹೋಗಿ. ನಮ್ಮಲ್ಲಿ ಹಾಯುವ ಮನೆಯಲ್ಲಿ ಗುಣಿತ ಸಮೇತ ಅಕ್ಷರ ಸಿಗುವುದರಿಂದ ಒಂದು ಮನೆಯೇ ದೊಡ್ಡ ಸಹಾಯ. 'ನಿ' ಸಿಕ್ಕರೆ 'ನ'ದಿಂದಲೋ 'ನು'ವಿನಿಂದಲೋ ಶುರುವಾಗುವ ಎಲ್ಲ ಪದವೂ ಒಂದೇಟಿಗೆ ಹೊರಗೆ. ಅದೇ ಕಾರಣಕ್ಕೆ ತಪ್ಪು ಉತ್ತರದ ಹಾನಿಯೂ ದೊಡ್ಡದು. ಪೂರ್ತಿ ವಿವರಣೆ ಸಿಕ್ಕ ಉತ್ತರವನ್ನು ಒತ್ತಿ ಬರೆಯಿರಿ, ಅರ್ಧ ವಿವರಣೆ ಇರುವುದನ್ನು ತೆಳುವಾಗಿ ಬರೆಯಿರಿ. ಮೂಲೆಯೊಂದು ಸಿಕ್ಕಿಕೊಂಡಾಗ ಮೊದಲು ಅಳಿಸಬೇಕಾದ್ದು ಯಾವುದೆಂದು ಆಗ ಹುಡುಕಬೇಕಿಲ್ಲ.

ಹಂತ 7: ವಿವರಣೆ ಬರೆಯುವುದು

ವಿವರಣೆಯ ಕ್ರಮ: ಉತ್ತರ, ಅರ್ಥಭಾಗ, ಆಟದ ತುಂಡುಗಳು, ಸೂಚಕ, ಉಳಿದ ಪದಗಳ ಲೆಕ್ಕ. ಒಳಗಿಟ್ಟ ಅಕ್ಷರಕ್ಕೆ ಕಂಸ, ತಿರುಗಿಸಿದ್ದಕ್ಕೆ ಬಾಣ, ಬಿಟ್ಟ ಅಕ್ಷರಕ್ಕೆ ಅಡ್ಡಗೀಟು, ಕಲಸಿದ್ದಕ್ಕೆ ನಕ್ಷತ್ರ ಎಂದು ಗುರುತು ಇಟ್ಟುಕೊಂಡರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಯಾವ ಗುರುತಾದರೂ ಸರಿ, ಕೊನೆಯವರೆಗೆ ಅದನ್ನೇ ಬಳಸಿ.

ಉತ್ತರ: ನಗರ
ಅರ್ಥ: ಪಟ್ಟಣ
ಆಟ: ನ(ಗ)ರ. ಮನುಷ್ಯ = ನರ, ಗಾಂಧಾರ = ಗ
ಸೂಚಕ: 'ಒಳಗೆ ಹೊಕ್ಕ'
ಉಳಿದದ್ದು: 'ರೆ', ಆಟ ಮತ್ತು ಅರ್ಥದ ನಡುವಿನ ಕೊಂಡಿ

ಕೊನೆಯ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಅದೇ ಮುಖ್ಯ ಸಾಲು. ಕ್ಸಿಮಿನೀಸ್ ಎಂಬ ಕಾವ್ಯನಾಮದಲ್ಲಿ ಪದಬಂಧ ಹೆಣೆಯುತ್ತಿದ್ದ ಡಿ. ಎಸ್. ಮ್ಯಾಕ್‌ನಟ್ 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಳ್ಳೆಯ ಸುಳಿವಿಗೆ ಹಾಕಿಕೊಟ್ಟ ಅಳತೆಯನ್ನು ಅವರ ನಂತರ ಬಂದ ಪದಬಂಧಕಾರ ಅಝೆಡ್ (ಜೊನಾಥನ್ ಕ್ರೌಥರ್) ಹೀಗೆ ಅಡಕಗೊಳಿಸಿದರು: ನಿಖರವಾದ ಅರ್ಥ, ನ್ಯಾಯವಾದ ಆಟ, ಅದರ ಆಚೆಗೆ ಏನೂ ಇರಬಾರದು. ಬಿಡಿಸುವವರಿಗೂ ಇದು ತಕ್ಕಡಿ. ಸುಳಿವಿನ ಒಂದು ಪದಕ್ಕೆ ಕೆಲಸವೇ ಸಿಗದಿದ್ದರೆ ನಿಮ್ಮ ವಿವರಣೆ ತಪ್ಪಿರಬಹುದು, ಇಲ್ಲವೇ ಹೆಣೆದವರು ಸಡಿಲ ಬಿಟ್ಟಿರಬಹುದು. ಮೊದಲು ನಿಮ್ಮನ್ನೇ ಅನುಮಾನಿಸಿ.

ಎಚ್ಚರಿಕೆಯ ಚಿಹ್ನೆಗಳು

ಅರ್ಥಭಾಗ ಸುಳಿವಿನ ನಡುವೆ ಬಂದು ಕೂತಿದೆ ಅನ್ನಿಸಿದರೆ ಉತ್ತರ ತಪ್ಪು. ಒಂದೇ ಪದವನ್ನು ಅರ್ಥಕ್ಕೂ ಆಟಕ್ಕೂ ಎರಡು ಸಲ ಬಳಸಿಕೊಂಡಿದ್ದರೆ ಅನುಮಾನಿಸಿ. ವಚನ, ಲಿಂಗ, ಕಾಲ ಕೂಡ ಹೊಂದಬೇಕು: ಅರ್ಥಭಾಗ 'ಓಡಿದಳು' ಎಂದಿದ್ದರೆ ಉತ್ತರ 'ಧಾವಿಸಿದ' ಆಗದು.

"ಈ ಅಕ್ಷರ ಹೇಗೋ ಬರುತ್ತದೆ" ಎಂಬ ಮಾತು ನಿಮ್ಮ ವಿವರಣೆಯಲ್ಲಿ ಕಾಣಿಸಿಕೊಂಡರೆ ಅಲ್ಲೇ ನಿಲ್ಲಿ. ಆ 'ಹೇಗೋ' ಹತ್ತರಲ್ಲಿ ಒಂಬತ್ತು ಸಲ ತಪ್ಪು ಉತ್ತರದ ವಾಸನೆ.

ಇನ್ನೊಂದು ಬಲೆ, ಎರಡು ಕಡೆಗೂ ವಾಲುವ ಸುಳಿವು. "ಕಾಡು ತಿರುಗಿ ಹೊಸದು (2)" ಎಂದಿದ್ದರೆ 'ವನ'ವೇ, 'ನವ'ವೇ? 'ತಿರುಗಿ' ನಡುವೆ ನಿಂತು ಎರಡೂ ಕಡೆ ಕೈ ಚಾಚಿದೆ. 'ಹೊಳೆ ಹಿಂದಕ್ಕೆ ಹರಿದ ದಿವಸ'ದಲ್ಲಿ ಈ ತೊಡಕಿಲ್ಲ, ಹರಿದದ್ದು ಹೊಳೆ ಎಂದು ವ್ಯಾಕರಣವೇ ಹೇಳುತ್ತದೆ. ನಡುವಿನ ಸೂಚಕ ಯಾರ ಕ್ರಿಯೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಅಡ್ಡ ಹಾಯುವ ಅಕ್ಷರಕ್ಕೆ ಕಾಯಿರಿ.

ಸಿಕ್ಕಿಕೊಂಡಾಗ

ಹತ್ತು ನಿಮಿಷ ಒಂದೇ ಸುಳಿವಿನ ಮುಂದೆ ಕೂತಿದ್ದರೆ ಗೀಟು ತಪ್ಪು ಕಡೆ ಬಿದ್ದಿದೆ ಎಂದು ತಿಳಿಯಿರಿ. ಅಳಿಸಿ, ಇನ್ನೊಂದು ತುದಿಯಿಂದ ಬನ್ನಿ. ಸುಳಿವನ್ನು ಹಿಂದಿನಿಂದ ಮುಂದಕ್ಕೆ, ಪದ ಪದವಾಗಿ ಜೋರಾಗಿ ಓದಿ. ಕತೆ ಚೂರಾಗಿ ಪದಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಅದಕ್ಕೂ ಬಗ್ಗದಿದ್ದರೆ ಹಾಳೆ ಮಡಿಸಿಟ್ಟು ಬೇರೆ ಕೆಲಸ ನೋಡಿ.

ಕೊನೆಗೂ ಉತ್ತರ ನೋಡಲೇಬೇಕಾದರೆ ಒಂದೇ ಒಂದನ್ನು ನೋಡಿ, ಉಳಿದವನ್ನು ಕೈಯಿಂದ ಮುಚ್ಚಿಕೊಳ್ಳಿ. ನೋಡಿದ ಉತ್ತರಕ್ಕೆ ವಿವರಣೆಯನ್ನು ಮಾತ್ರ ನೀವೇ ಬರೆಯಿರಿ. ಹೀಗೆ ಹಿಂದಿನಿಂದ ಕಟ್ಟಿದ ಇಪ್ಪತ್ತು ವಿವರಣೆ ಕಲಿಸುವಷ್ಟನ್ನು ಸೂಚಕ ಪದಗಳ ಯಾವ ಪಟ್ಟಿಯೂ ಕಲಿಸುವುದಿಲ್ಲ.

ಬೇರೆಯವರು ನಿಮ್ಮನ್ನು ಕೇಳಿದರೆ ಉತ್ತರ ಉಸುರಬೇಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಅರ್ಥಭಾಗ ಯಾವ ತುದಿಯಲ್ಲಿದೆ ಎಂಬುದು ಮೊದಲ ಮೆಟ್ಟಿಲು. ಆಟದ ಜಾತಿ ಎರಡನೆಯದು. ಯಾವ ಪದವನ್ನು ಕಲಸಬೇಕು, ಯಾವುದನ್ನು ತಿರುಗಿಸಬೇಕು ಎಂಬುದು ಮೂರನೆಯದು. ನಡುವೆ ಎಲ್ಲಾದರೂ "ತಡಿ, ಹೇಳಬೇಡ" ಎಂಬ ಮಾತು ಬಂದರೆ ಅಲ್ಲೇ ಬಾಯಿ ಮುಚ್ಚಿಕೊಳ್ಳಿ.